ಒಂದು ಗಳಿಗೆ ಹಿಂದಿನ ಊರುಗಳು

ಚಿತ್ರದುರ್ಗದಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ. ವರ್ಷದ ಸರಾಸರಿ ಹಿಡಿದರೆ 12 ಗಂಟೆ 24 ನಿಮಿಷಕ್ಕೆ. ಫೆಬ್ರವರಿ ಎರಡನೇ ವಾರದಲ್ಲಿ ಅದು 12.38ರವರೆಗೂ ತಡವಾಗುತ್ತದೆ, ನವೆಂಬರ್ ಮೊದಲ ವಾರದಲ್ಲಿ 12.08ಕ್ಕೇ ಬಂದುಬಿಡುತ್ತದೆ. ದೇಶದ ಗಡಿಯಾರ ನಡೆಯುವುದು ಉತ್ತರಪ್ರದೇಶದ ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ನಮ್ಮ ಊರಿರುವುದು ಸುಮಾರು 76.4 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ದುರ್ಗಕ್ಕೆ ಇಪ್ಪತ್ತನಾಲ್ಕೂವರೆ ನಿಮಿಷದ ಅಂತರ ಬರುತ್ತದೆ. ಹಿರಿಯೂರಿಗೆ ಇಪ್ಪತ್ತಮೂರೂವರೆ, ಹೊಸದುರ್ಗಕ್ಕೆ ಇಪ್ಪತ್ತೈದರ ಆಸುಪಾಸು, ಹೊಳಲ್ಕೆರೆಗೆ ಇಪ್ಪತ್ತೈದಕ್ಕಿಂತ ತುಸು ಹೆಚ್ಚು. ನಮ್ಮ ಹಿರಿಯರ ಒಂದು ಗಳಿಗೆ ಎಂದರೆ ಇಪ್ಪತ್ತನಾಲ್ಕು ನಿಮಿಷ. ಈ ನಾಲ್ಕೂ ಊರು ದೇಶದ ಗಡಿಯಾರಕ್ಕಿಂತ ಹೆಚ್ಚುಕಡಿಮೆ ಒಂದು ಗಳಿಗೆ ಹಿಂದೆ ಇವೆ.

ನಾನು ದುರ್ಗದಲ್ಲಿ ವಾಚ್ ರಿಪೇರಿ ಮಾಡುವವನು. ಅಜ್ಜನೂ ಅದೇ ಕೆಲಸದವನು, ಅಪ್ಪನೂ. ಈ ಲೆಕ್ಕವನ್ನೆಲ್ಲ ಈಗ ಕಾಗದಕ್ಕೆ ಇಳಿಸುವುದಕ್ಕೆ ಕಾರಣ ಹೊಸದುರ್ಗದಲ್ಲಿರುವ ನನ್ನ ತಂಗಿಯ ಮಗಳು. ಅವಳು ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಸಂಬಳ ಸ್ವಲ್ಪ ಕೂಡಿದ ಮೇಲೆ ಫೋನಿನಲ್ಲಿ ಕೇಳಿದಳು: ‘ಮಾಮ, ಅಲ್ಲಿನ ಟೈಮು ಇಲ್ಲಿನ ಟೈಮು ಎರಡೂ ತೋರಿಸೋ ಒಳ್ಳೆ ವಾಚು ತಗೋಬೇಕು. ಮುಂದೆ ಮಾರಿದರೆ ಹಾಕಿದ ದುಡ್ಡು ಬರಬೇಕು. ಯಾವುದು ತಗೊಳ್ಳಲಿ?’ ಒಂದೇ ಮಾತಿನಲ್ಲಿ ಉತ್ತರ ಕೊಡಬಹುದಿತ್ತು, ಆದರೆ ಕೊಡಲು ಮನಸ್ಸಾಗಲಿಲ್ಲ. ಎರಡು ಕಾಲವನ್ನು ಒಟ್ಟಿಗೆ ಇಟ್ಟುಕೊಂಡು ಬದುಕುವುದು ಈ ಸೀಮೆಗೆ ಹೊಸದಲ್ಲ. ವಾಚು ಹಾಕಿದ ದುಡ್ಡನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬ ನಂಬಿಕೆಯೂ ಇಲ್ಲಿ ಹಳೆಯದೇ, ಅದಕ್ಕಾಗಿ ಎಷ್ಟೋ ಮನೆಗಳು ನೊಂದಿವೆ.

ಮೊದಲು ಗಳಿಗೆ ಬಟ್ಟಲಿನ ಮಾತು. ತಳದಲ್ಲಿ ಸೂಜಿಮೊನೆಯಷ್ಟು ತೂತಿರುವ ತಾಮ್ರದ ಬಟ್ಟಲನ್ನು ನೀರು ತುಂಬಿದ ಹಂಡೆಯಲ್ಲಿ ತೇಲಿಬಿಟ್ಟರೆ ಅದು ತುಂಬಿ ಮುಳುಗುವ ಹೊತ್ತಿಗೆ ಒಂದು ಗಳಿಗೆ. ದಿನಕ್ಕೆ ಅರವತ್ತು ಗಳಿಗೆ, ಎಣಿಕೆ ಶುರುವಾಗುವುದು ಸೂರ್ಯೋದಯದಿಂದ. ಮದುವೆ ಮನೆಯಲ್ಲಿ ಧಾರೆಯ ಲಗ್ನ ನೋಡಲು ಬಟ್ಟಲಿಡುತ್ತಿದ್ದರೆಂದು ಅಜ್ಜ ಹೇಳುತ್ತಿದ್ದ. ಆ ಲೆಕ್ಕದಲ್ಲಿ ಪ್ರತಿ ಊರಿಗೂ ತನ್ನದೇ ಬೆಳಗು, ತನ್ನದೇ ಮಧ್ಯಾಹ್ನ. ಊರಿಂದೂರಿಗೆ ಬರುವ ವ್ಯತ್ಯಾಸಕ್ಕೆ ಪಂಚಾಂಗದವರು ದೇಶಾಂತರ ಸಂಸ್ಕಾರ ಎಂದು ತಿದ್ದುಪಡಿ ಮಾಡಿಕೊಳ್ಳುತ್ತಿದ್ದರು. ಅವರ ಸೊನ್ನೆಯ ಗೆರೆ ಗ್ರೀನಿಚ್ ಅಲ್ಲ, ಉಜ್ಜಯಿನಿ. ಉಜ್ಜಯಿನಿಯ ರೇಖಾಂಶ ಸುಮಾರು 75.8. ನಮ್ಮ ಹೊಳಲ್ಕೆರೆ ಅದಕ್ಕಿಂತ ಎರಡು ನಿಮಿಷದಷ್ಟೂ ಮುಂದಿಲ್ಲ, ದುರ್ಗ ಎರಡೂವರೆ ನಿಮಿಷ ಮುಂದೆ, ಅಷ್ಟೆ. ಹಳೆಯ ಜ್ಯೋತಿಷಿಯ ಕಣ್ಣಿನಲ್ಲಿ ಈ ಸೀಮೆ ದೇಶದ ಕಾಲದ ನಡುಗೆರೆಯ ಮೇಲೆಯೇ ಕುಳಿತಿತ್ತು. ಮದಕರಿ ನಾಯಕನ ಕಾಲದ ದುರ್ಗ, 1779ರಲ್ಲಿ ಹೈದರಾಲಿಯ ಕೈಸೇರಿದ ದುರ್ಗ, ಎರಡೂ ಸೂರ್ಯನ ಲೆಕ್ಕದಲ್ಲೇ ಬಾಗಿಲು ತೆರೆದು ಮುಚ್ಚಿದವು. ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ನಡುವಿನಲ್ಲಿ ಕೋಟೆಯ ಬಂಡೆಯ ಮೇಲೆ ಒಂದು ಕೋಲು ನೆಟ್ಟಗೆ ನಿಲ್ಲಿಸಿ ನೋಡಿ. ನೆರಳು ಪೂರ್ತಿ ಕೋಲಿನ ಬುಡಕ್ಕೆ ಸೇರುತ್ತದೆ. ಆ ಕ್ಷಣದಲ್ಲಿ ನಿಮ್ಮ ಕೈಯ ವಾಚು ಹನ್ನೆರಡೂಕಾಲು ದಾಟಿರುತ್ತದೆ.

ಎರಡನೆಯ ಕಾಲ ರೈಲಿನಲ್ಲಿ ಬಂತು. ಬೆಂಗಳೂರಿನಿಂದ ತುಮಕೂರು, ಬೀರೂರು ಹಾದು ಹರಿಹರಕ್ಕೆ ಹೋಗುವ ಮೀಟರ್ ಗೇಜ್ ಹಳಿ 1880ರ ದಶಕದಲ್ಲಿ ಮುಗಿಯಿತು. ಹೊಸದುರ್ಗ ರೋಡ್, ರಾಮಗಿರಿ, ಹೊಳಲ್ಕೆರೆ, ಚಿಕ್ಕಜಾಜೂರು ಸ್ಟೇಷನ್ನುಗಳು ಆ ಹಾದಿಯಲ್ಲಿವೆ. ಹೊಸದುರ್ಗ ರೋಡ್ ಸ್ಟೇಷನ್ನು ಊರಿನಿಂದ ದೂರ, ಎತ್ತಿನ ಗಾಡಿಯಲ್ಲಿ ಹೋಗಬೇಕಾದಷ್ಟು ದೂರ. ದೂರ ಇದ್ದಷ್ಟೂ ಟೈಮಿನ ಭಯ ಜಾಸ್ತಿ. ಆಗ ಭಾರತದ ರೈಲುಗಳು ನಡೆಯುತ್ತಿದ್ದುದು ಮದ್ರಾಸ್ ಟೈಮಿನಲ್ಲಿ. ಮದ್ರಾಸಿನ ವೀಕ್ಷಣಾಲಯದ ಗಡಿಯಾರವನ್ನು ನಂಬಿ ತಂತಿಯಲ್ಲಿ ಕಾಲ ಹೇಳುತ್ತಿದ್ದರು. ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ ಮುಂದಿದ್ದ ಕಾಲ ಅದು. ನಮ್ಮ ಸೂರ್ಯನಿಗಿಂತ ಕಾಲು ಗಂಟೆಗೂ ಸ್ವಲ್ಪ ಹೆಚ್ಚು ಮುಂದೆ. ಸೂರ್ಯನನ್ನು ನೋಡಿ ಗಾಡಿ ಕಟ್ಟಿದವನಿಗೆ ರೈಲು ತಪ್ಪುತ್ತಿತ್ತು. ಊರಲ್ಲಿ ಜೇಬುಗಡಿಯಾರ ಇದ್ದವರು ಒಬ್ಬಿಬ್ಬರು: ಶಾನುಭೋಗರು, ಅಮಲ್ದಾರರು, ಸ್ಟೇಷನ್ ಮಾಸ್ಟರು. ನನ್ನ ಅಜ್ಜನ ಕಸುಬು ಹುಟ್ಟಿದ್ದು ಇವರ ಜೇಬುಗಳಿಂದ.

1906ರ ಜನವರಿ 1ರಂದು ಈಗಿನ ಭಾರತೀಯ ಕಾಲಮಾನ ಜಾರಿಗೆ ಬಂತು, ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ಎಲ್ಲರೂ ಒಪ್ಪಲಿಲ್ಲ. ಕಲ್ಕತ್ತಾ 1948ರವರೆಗೆ, ಮುಂಬಯಿ 1955ರವರೆಗೆ ತಮ್ಮ ಹಳೆಯ ಕಾಲವನ್ನೂ ಜೊತೆಗಿಟ್ಟುಕೊಂಡವು. ಮುಂಬಯಿಯದು ದೇಶದ ಕಾಲಕ್ಕಿಂತ ಮೂವತ್ತೊಂಬತ್ತು ನಿಮಿಷ ಹಿಂದೆ. ದಾವಣಗೆರೆಯ ಹತ್ತಿ ವ್ಯಾಪಾರಿಗಳಿಗೆ ಮುಂಬಯಿ ಪೇಟೆಯೊಡನೆ ನಂಟು. 1997ರವರೆಗೆ ದಾವಣಗೆರೆ ನಮ್ಮ ಜಿಲ್ಲೆಯದೇ ಆಗಿತ್ತು ಎಂಬುದನ್ನು ಮರೆಯಬಾರದು. ಅಂಥವರ ಲೆಕ್ಕದಲ್ಲಿ ಮೂರು ಕಾಲ: ಪೂಜೆಗೆ ಒಂದು, ರೈಲಿಗೆ ಒಂದು, ಮುಂಬಯಿ ತಂತಿಗೆ ಒಂದು.

ಇದರ ಮೇಲೆ ಎರಡನೇ ಮಹಾಯುದ್ಧ. 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ ದೇಶದ ಗಡಿಯಾರವನ್ನು ಇನ್ನೂ ಒಂದು ಗಂಟೆ ಮುಂದಕ್ಕೆ ತಳ್ಳಿದ್ದರು, ಗ್ರೀನಿಚ್‌ಗಿಂತ ಆರೂವರೆ ಗಂಟೆ ಮುಂದೆ. ಆ ಮೂರು ವರ್ಷ ದುರ್ಗದಲ್ಲಿ ಮಧ್ಯಾಹ್ನ ಆಗುತ್ತಿದ್ದುದು ಗಡಿಯಾರದ ಒಂದೂ ಇಪ್ಪತ್ತನಾಲ್ಕಕ್ಕೆ. ಅಜ್ಜ ಅದನ್ನು ಯುದ್ಧದ ಟೈಮು ಎನ್ನುತ್ತಿದ್ದ. ಗಿರಾಕಿಗಳು ವಾಚು ತಂದುಕೊಟ್ಟಾಗ ‘ಯಾವ ಟೈಮಿಗೆ ಇಡಲಿ?’ ಎಂದು ಅವನು ಕೇಳಲೇಬೇಕಾಗಿತ್ತು. ಕಚೇರಿಯವರು ಹೊಸದಕ್ಕೆ ಇಡಿ ಎನ್ನುತ್ತಿದ್ದರು, ಹಳ್ಳಿಯವರು ಹಳೆಯದಕ್ಕೇ ಇರಲಿ ಎನ್ನುತ್ತಿದ್ದರು.

ಆ ದಿನಗಳ ವಾಚುಗಳು ಯಾವುವು? ಸ್ವಿಸ್‌ನವು. ಫಾವ್ರ್-ಲ್ಯೂಬಾ 1865ರಿಂದಲೇ ಮುಂಬಯಿಯಲ್ಲಿ ವ್ಯಾಪಾರ ಮಾಡುತ್ತಿತ್ತು. ವೆಸ್ಟ್ ಎಂಡ್ ವಾಚ್ ಕಂಪನಿ 1886ರಲ್ಲಿ ಅಲ್ಲಿಯೇ ಶುರುವಾಯಿತು. ವೆಸ್ಟ್ ಎಂಡ್‌ನ ಸೋವಾರ್ ವಾಚು ಪಟಾಲಮ್ಮಿನವರ ಕೈಯಲ್ಲೂ ರೈಲ್ವೆಯವರ ಕೈಯಲ್ಲೂ ಇರುತ್ತಿತ್ತು. ಫಾವ್ರ್-ಲ್ಯೂಬಾದ ಸೀ ಕಿಂಗ್, ಸೀ ಚೀಫ್ ನಮ್ಮ ಕಡೆಯ ಉಳ್ಳವರ ಮದುವೆಯ ವಾಚುಗಳಾದವು. ಅಂಥ ವಾಚನ್ನು ಇವತ್ತಿಗೂ ಮೇಜಿನ ಮೇಲೆ ತೆರೆದರೆ ನನಗೆ ಸಂತೋಷವಾಗುತ್ತದೆ. ಯಂತ್ರವನ್ನು ಮಾಡಿದವನು ಮುಂದೆ ಅದನ್ನು ಬಿಚ್ಚುವವನೊಬ್ಬ ಬರುತ್ತಾನೆ ಎಂದು ತಿಳಿದೇ ಮಾಡಿದ್ದಾನೆ. ಸ್ಕ್ರೂಗಳಿಗೆ ಸರಿಯಾದ ತಲೆ ಇದೆ, ಸೇತುವೆಗಳು ಒತ್ತಡವಿಲ್ಲದೆ ಮೇಲೇಳುತ್ತವೆ.

ಸ್ವಾತಂತ್ರ್ಯ ಬಂದ ಮೇಲೆ ವಿದೇಶಿ ವಿನಿಮಯದ ಬಿಗಿ. ಆಮದು ಲೈಸೆನ್ಸ್ ಇಲ್ಲದೆ ವಾಚು ತರುವಂತಿರಲಿಲ್ಲ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1953ರಲ್ಲಿ ಹುಟ್ಟಿದ ಹಿಂದೂಸ್ತಾನ್ ಮಷಿನ್ ಟೂಲ್ಸ್, ಅಂದರೆ ಎಚ್‌ಎಂಟಿ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಕೈಗಡಿಯಾರ ಮಾಡಲು ಹೊರಟಿತು. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ನೆಹರೂ. ಜನತಾ, ಪೈಲಟ್, ಕೊಹಿನೂರ್, ಹೆಂಗಸರಿಗೆ ಸುಜಾತಾ, ಆಮೇಲೆ ಕಂಚನ್, ರಜತ್. ಬ್ರೈಲ್ ವಾಚೂ ಮಾಡಿದರು: ಗಾಜು ತೆರೆದು ಬೆರಳಿನಿಂದ ಮುಳ್ಳು ಮುಟ್ಟಿ ನೋಡುವಂಥದು. ಜನತಾದ ಒಳಗಿನ ಯಂತ್ರಕ್ಕೆ 0231 ಎಂದು ಹೆಸರು. ಹದಿನೇಳು ಕಲ್ಲು, ಗಂಟೆಗೆ 18,000 ಬಡಿತ, ದಿನಕ್ಕೊಮ್ಮೆ ಕೀ ಕೊಡಬೇಕು. ಸರಳ ಯಂತ್ರ, ಗಟ್ಟಿ ಯಂತ್ರ. ಹೊಲದ ಮಣ್ಣು, ಗಿರಣಿಯ ಹತ್ತಿಧೂಳು, ಹಿರಿಯೂರಿನ ಮೇ ತಿಂಗಳ ಬಿಸಿಲು ಎಲ್ಲವನ್ನೂ ತಡೆದುಕೊಂಡದ್ದನ್ನು ನಾನು ನೋಡಿದ್ದೇನೆ. ಎಣ್ಣೆ ಒಣಗಿದರೆ ಬಿಚ್ಚಿ ತೊಳೆದು, ಹೊಸ ಎಣ್ಣೆ ಬಿಟ್ಟು, ಬ್ಯಾಲೆನ್ಸ್ ಕೂರಿಸಿದರೆ ಮತ್ತೆ ನಡೆಯುತ್ತದೆ.

ಅಪ್ಪನ ಕಾಲ ಪೂರ್ತಿ ಎಚ್‌ಎಂಟಿಯ ಕಾಲ. ದುರ್ಗದ ಸಂತೆಪೇಟೆಯ ಹತ್ತಿರ ಅವನ ಗಾಜಿನ ಪೆಟ್ಟಿಗೆ. ಸಂತೆ ದಿನಗಳಲ್ಲಿ ಹೊಳಲ್ಕೆರೆಗೋ ಹೊಸದುರ್ಗಕ್ಕೋ ಬಸ್ಸು ಹತ್ತುತ್ತಿದ್ದ. ಕಣ್ಣುಗಾಜು, ಚಿಮಟ, ಎಣ್ಣೆ ಸೀಸೆ, ತರಾವರಿ ಗಾಜು, ಸ್ಟ್ರಾಪುಗಳ ಒಂದು ಟ್ರಂಕು ಅವನ ಜೊತೆ. ಹೊಳಲ್ಕೆರೆಯಲ್ಲಿ ಅಡಿಕೆ ಮಾರಿದ ವಾರ ವಾಚಿನ ಗಿರಾಕಿ ಹೆಚ್ಚು, ಹಿರಿಯೂರಿನಲ್ಲಿ ಶೇಂಗಾ ಕೈಗೆ ಬಂದ ಮೇಲೆ. ಹಿರಿಯೂರು ಹೆದ್ದಾರಿಗಳು ಕೂಡುವ ಊರು. ಬೆಂಗಳೂರು-ಪುಣೆ ರಸ್ತೆಗೆ ಅಲ್ಲಿ ಬಳ್ಳಾರಿಯಿಂದ ಹುಳಿಯಾರಿನ ಕಡೆಗೆ ಇಳಿಯುವ ರಸ್ತೆ ಅಡ್ಡ ಬರುತ್ತದೆ. ಲಾರಿ ಡ್ರೈವರುಗಳ ವಾಚಿಗೆ ಬಡಿತ ಜಾಸ್ತಿ, ಹಾಗಾಗಿ ಬ್ಯಾಲೆನ್ಸ್ ಮೊಳೆ ಮುರಿದ ಕೇಸುಗಳು ಅಲ್ಲಿಂದ ಹೆಚ್ಚು ಬರುತ್ತಿದ್ದವು. ಭದ್ರಾವತಿ ಆಕಾಶವಾಣಿಯ ಪೀಪ್ ಪೀಪ್ ಸದ್ದಿಗೆ ಅಪ್ಪ ಮೇಜಿನ ಮೇಲಿನ ಎಲ್ಲ ವಾಚುಗಳನ್ನೂ ಸರಿಮಾಡುತ್ತಿದ್ದ. ರೇಡಿಯೋ ಇಲ್ಲದ ಹಳ್ಳಿಯವರು ಅಪ್ಪನನ್ನು ನೋಡಿ ಸರಿಮಾಡಿಕೊಳ್ಳುತ್ತಿದ್ದರು.

ಎಚ್‌ಎಂಟಿ ವಾಚು ಸಿಗುವುದೇ ಕಷ್ಟವಿದ್ದ ವರ್ಷಗಳಿದ್ದವು. ಕಂಚನ್ ಅಂತೂ ಅಂಗಡಿಯ ಬೆಲೆಗೆ ಸಿಗುತ್ತಲೇ ಇರಲಿಲ್ಲ. ಚಿನ್ನದ ನೀರು ಹಾಕಿದ ಮೈ, ಕೀ ಕೊಡುವ ಗೋಜಿಲ್ಲದ ಆಟೋಮ್ಯಾಟಿಕ್. ವರನ ಕಡೆಯವರು ಹೆಸರು ಹಿಡಿದೇ ಕೇಳುತ್ತಿದ್ದರು, ಮೇಲೆ ದುಡ್ಡು ಕೊಟ್ಟು ಕಾಳಸಂತೆಯಲ್ಲಿ ಕೊಳ್ಳಬೇಕಾಗಿತ್ತು. ಎಚ್‌ಎಂಟಿಯ ವಾಚಿಗೆ ಸಹಿ ಬಿದ್ದ 1961ರಲ್ಲೇ ವರದಕ್ಷಿಣೆ ನಿಷೇಧ ಕಾಯ್ದೆಯೂ ಬಂತು. ಕಾಯ್ದೆ ಪುಸ್ತಕದಲ್ಲಿ ಉಳಿಯಿತು, ವಾಚು ತಾಂಬೂಲದ ತಟ್ಟೆಗೆ ಬಂತು. ವಾಚು, ಉಂಗುರ, ಸೈಕಲ್ಲು. ಮುಂದಿನ ಬೆಳೆಯ ಮೇಲೆ ಸಾಲ ಮಾಡಿ ಅಳಿಯನಿಗೆ ವಾಚು ತಂದ ಅಪ್ಪಂದಿರನ್ನು ನಾನು ಹುಡುಗನಾಗಿದ್ದಾಗ ಅಂಗಡಿಯಲ್ಲಿ ಕಂಡಿದ್ದೇನೆ. ಅವರು ವಾಚಿನ ಕಡೆ ನೋಡುತ್ತಿರಲಿಲ್ಲ, ಬಿಲ್ಲಿನ ಕಡೆ ನೋಡುತ್ತಿದ್ದರು. ಎರಡು ವರ್ಷ ಮಳೆ ಕೈಕೊಟ್ಟರೆ ಅದೇ ವಾಚು ಗಿರವಿ ಅಂಗಡಿಗೆ ಹೋಗುತ್ತಿತ್ತು. ಗಿರವಿಯವನು ಉಂಗುರವನ್ನು ತೂಗುತ್ತಿದ್ದ, ವಾಚನ್ನು ತಿರುಗಿಸಿ ನೋಡಿ ಪಕ್ಕಕ್ಕಿಡುತ್ತಿದ್ದ. ಕಾಳಸಂತೆಯಲ್ಲಿ ಕೊಟ್ಟ ಮೇಲಿನ ದುಡ್ಡಿಗೆ ಅಲ್ಲಿ ಮೂರು ಕಾಸಿನ ಲೆಕ್ಕವಿರಲಿಲ್ಲ. ಕೊಳ್ಳುವಾಗ ಬೆಲೆ ಏರಿಸುವುದು ಸಿಗದಿರುವಿಕೆ, ಮಾರುವಾಗ ಬೆಲೆ ನಿಲ್ಲಿಸುವುದು ಬೇರೆ ಕಾರಣಗಳು. ಇದನ್ನು ನಾನು ಕಲಿತದ್ದು ಆ ಗಿರವಿ ಅಂಗಡಿಯ ಮೆಟ್ಟಿಲಲ್ಲಿ.

1978ರಲ್ಲಿ ಎಚ್‌ಎಂಟಿ ತುಮಕೂರಿನಲ್ಲಿ ವಾಚ್ ಕಾರ್ಖಾನೆ ತೆರೆಯಿತು. ಶಿರಾ ದಾಟಿದರೆ ನಮ್ಮ ಹಿರಿಯೂರು, ಅಷ್ಟು ಹತ್ತಿರ. ನನ್ನ ಜೊತೆ ಓದಿದವರಲ್ಲೂ ಕೆಲವರು ಐಟಿಐ ಮುಗಿಸಿ ಅಲ್ಲಿಗೆ ಹೋದರು. ಹಬ್ಬಕ್ಕೆ ಊರಿಗೆ ಬಂದಾಗ ಅವರು ಹೇಳುತ್ತಿದ್ದ ಮಾತುಗಳಲ್ಲಿ ಹೆಮ್ಮೆ ಇತ್ತು: ಕೂದಲಿಗಿಂತ ಸಣ್ಣ ಅಳತೆ, ಬಿಳಿ ಕೋಟು, ಧೂಳಿಲ್ಲದ ಕೋಣೆ. ಬಯಲುಸೀಮೆಯ ಹುಡುಗ ಹುಡುಗಿಯರ ಕೈ ಅಂಥ ಸೂಕ್ಷ್ಮ ಕೆಲಸಕ್ಕೆ ಒಗ್ಗುತ್ತದೆ ಎಂದು ಆ ಕಾರ್ಖಾನೆ ತೋರಿಸಿಕೊಟ್ಟಿತು. ಆಮೇಲಿನ ಕಥೆ ಎಲ್ಲರಿಗೂ ಗೊತ್ತು. 1984ರಲ್ಲಿ ಟೈಟನ್ ಹುಟ್ಟಿತು, ಹೊಸೂರಿನಿಂದ ತೆಳ್ಳನೆಯ ಕ್ವಾರ್ಟ್ಜ್ ವಾಚುಗಳು ಬಂದವು. ಎಚ್‌ಎಂಟಿಯೂ ಕ್ವಾರ್ಟ್ಜ್ ಮಾಡಿತ್ತು, ಆದರೆ ಪೇಟೆ ಅತ್ತ ವಾಲಿತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ತುಮಕೂರಿನ ಜಾಗ ಇಸ್ರೋಗೆ ಹೋಯಿತು. ಅಲ್ಲಿ ರಾಕೆಟ್ಟಿನ ಕೆಲಸ ನಡೆಯುವುದು ಒಳ್ಳೆಯದೇ, ಆದರೆ ಆ ಕೋಣೆಯಲ್ಲಿ ತಯಾರಾದ ಕೈಗಳ ಜ್ಞಾನವನ್ನು ಯಾರೂ ಬರೆದಿಡಲಿಲ್ಲ ಎಂಬ ಸಂಕಟ ನನ್ನನ್ನು ಬಿಟ್ಟಿಲ್ಲ.

ಇದರ ನಡುವೆ ಫಾರಿನ್ ವಾಚಿನ ಹೊಳೆಯೂ ಹರಿಯುತ್ತಿತ್ತು. ಗಲ್ಫಿಗೆ ಹೋದವರು, ಹಜ್ಜಿಗೆ ಹೋಗಿಬಂದವರು ಸೀಕೋ 5, ಸಿಟಿಜನ್, ರಾಡೋ ತರುತ್ತಿದ್ದರು. ಗೀರು ಬೀಳದ ರಾಡೋ ಡಯಾಸ್ಟಾರ್ 1962ರದು, ಸೀಕೋ 5 ಅದರ ಮರುವರ್ಷದ್ದು. ಗಲ್ಫಿನಲ್ಲಿ ಮಾರಿದ ಸೀಕೋಗಳ ವಾರದ ಕಿಂಡಿಯಲ್ಲಿ ಅರಬ್ಬಿ ಅಕ್ಷರ ಇರುತ್ತಿತ್ತು. ‘ಇದನ್ನು ಇಂಗ್ಲಿಷಿಗೆ ತಿರುಗಿಸಿಕೊಡಿ’ ಎಂದು ಕೇಳುವವರೂ ಇದ್ದರು, ಅರಬ್ಬಿಯಲ್ಲೇ ಇರಲಿ ಎನ್ನುವವರೂ ಇದ್ದರು. ರಿಯಾದಿನಲ್ಲಿ ಕೆಲಸಕ್ಕಿದ್ದ ಒಬ್ಬ ಗಿರಾಕಿ ಊರಿಗೆ ಬಂದರೂ ವಾಚನ್ನು ಎರಡೂವರೆ ಗಂಟೆ ಹಿಂದಿನ ಅಲ್ಲಿನ ಕಾಲದಲ್ಲೇ ಇಟ್ಟುಕೊಂಡಿರುತ್ತಿದ್ದ. ಅವನ ಹೆಂಡತಿಯ ಕೈಯ ವಾಚು ಇಲ್ಲಿನ ಕಾಲದಲ್ಲಿ. ಆ ಮನೆಯ ಎರಡು ಕಾಲ ಎರಡು ಕೈಗಳಲ್ಲಿ ಇದ್ದವು.

ಒಂದೇ ಕೈಯಲ್ಲಿ ಎರಡು ಕಾಲ ಇಡುವ ವಾಚು ಹುಟ್ಟಿದ್ದು ವಿಮಾನದವರಿಗಾಗಿ. ಗ್ಲೈಸೀನ್ ಏರ್‌ಮನ್ 1953ರದು. ಅದರ ಹಿಂದೆಯೇ 1950ರ ದಶಕದ ನಡುವಿನಲ್ಲಿ ರೋಲೆಕ್ಸ್ ಜಿಎಂಟಿ-ಮಾಸ್ಟರ್ ಬಂತು, ಪ್ಯಾನ್ ಆಮ್ ವಿಮಾನ ಕಂಪನಿಯ ಪೈಲಟ್ಟುಗಳ ಬಳಕೆಗೆ. ಮಾಮೂಲಿ ಮುಳ್ಳುಗಳ ಜೊತೆ ದಿನಕ್ಕೆ ಒಂದೇ ಸುತ್ತು ಬರುವ ಇನ್ನೊಂದು ಮುಳ್ಳು, ಸುತ್ತಲೂ 24 ಅಂಕಿ ಬರೆದ ತಿರುಗುವ ಬಳೆ. ಬಳೆಯ ಅರ್ಧ ಕೆಂಪು ಹಗಲಿಗೆ, ಅರ್ಧ ನೀಲಿ ರಾತ್ರಿಗೆ. ಮೊದಲ ಬಳೆಗಳು ಬೇಕಲೈಟಿನವು, ಬಿರುಕು ಬಿಡುತ್ತಿದ್ದವು. ಆಮೇಲೆ ಅಲ್ಯುಮಿನಿಯಂ ಆಯಿತು. ಆ ಕಾಲದಲ್ಲಿ ನಾಲ್ಕನೇ ಮುಳ್ಳು ಗಂಟೆಯ ಮುಳ್ಳಿಗೆ ಗಂಟುಬಿದ್ದಿತ್ತು, ಎರಡನೇ ಊರಿನ ಟೈಮು ನೋಡಲು ಬಳೆಯನ್ನೇ ತಿರುಗಿಸಬೇಕಿತ್ತು. 1980ರ ದಶಕದ ಆರಂಭದಲ್ಲಿ ಬಂದ ಜಿಎಂಟಿ-ಮಾಸ್ಟರ್ 2ರಲ್ಲಿ ಗಂಟೆಯ ಮುಳ್ಳನ್ನು ಮಾತ್ರ ಒಂದೊಂದೇ ಗಂಟೆ ಹಾರಿಸಬಹುದು, ನಿಮಿಷ ನಿಲ್ಲುವುದಿಲ್ಲ.

ಇಲ್ಲೊಂದು ತೊಡಕಿದೆ, ಅಂಗಡಿಯವರು ನಮ್ಮವರಿಗೆ ಹೇಳುವುದು ಕಡಿಮೆ. ಇಂಥ ವಾಚುಗಳೆಲ್ಲ ಪೂರ್ತಿ ಗಂಟೆಗಳ ಜಗತ್ತಿಗೆ ಮಾಡಿದವು. ನಮ್ಮದು ಐದೂವರೆ. ಎರಡು ಗಂಟೆ ಮುಳ್ಳಿದ್ದರೂ ನಿಮಿಷದ ಮುಳ್ಳು ಒಂದೇ. ಲಂಡನ್ನಿನ ನಿಮಿಷ ತೋರಿಸಿದರೆ ಭಾರತದ ನಿಮಿಷ ತಪ್ಪು. ಹಳೆಯ ಜಿಎಂಟಿ-ಮಾಸ್ಟರಿನ ಬಳೆಗೆ ಹಲ್ಲಿರಲಿಲ್ಲ, ಎಲ್ಲಿ ಬೇಕಾದರೂ ನಿಲ್ಲುತ್ತಿತ್ತು. ಅರ್ಧ ಗಂಟೆಯ ಜಾಗಕ್ಕೆ ತಿರುಗಿಸಿಟ್ಟರೆ ನಾಲ್ಕನೇ ಮುಳ್ಳು ಭಾರತದ ಗಂಟೆಯನ್ನು ನೇರವಾಗಿ ಹೇಳುತ್ತಿತ್ತು. ಈಗಿನ ಜಿಎಂಟಿ-ಮಾಸ್ಟರುಗಳಲ್ಲಿ ಗಂಟೆಗೊಂದು ಹಲ್ಲು, ಅರ್ಧದಲ್ಲಿ ನಿಲ್ಲುವುದಿಲ್ಲ. ಹಾಗಾಗಿ ನಾನು ಗಿರಾಕಿಗಳಿಗೆ ನಿಮಿಷದ ಮುಳ್ಳಿನ ಬಾಲ ನೋಡಲು ಹೇಳುತ್ತೇನೆ. ಮುಳ್ಳಿನ ಮೊನೆ ಅಲ್ಲಿನ ನಿಮಿಷ, ಬಾಲ ಭಾರತದ ನಿಮಿಷ, ಏಕೆಂದರೆ ಮೂವತ್ತು ನಿಮಿಷ ಎಂದರೆ ಸರಿಯಾಗಿ ಅರ್ಧ ಸುತ್ತು.

ಇದೇ ಲೆಕ್ಕದಿಂದ ಅಪ್ಪನ ಜನತಾ ಕೂಡ ಎರಡು ಕಾಲದ ವಾಚೇ. ಭಾರತದ ಟೈಮಿಗಿಟ್ಟ ವಾಚನ್ನು ತಲೆಕೆಳಗು ಹಿಡಿಯಿರಿ. ಹಗಲು ಹನ್ನೆರಡಕ್ಕೆ ಎರಡೂ ಮುಳ್ಳು ಕೆಳಗೆ ಬಂದು ಆರೂವರೆಯಂತೆ ಕಾಣುತ್ತವೆ. ಆಗ ಗ್ರೀನಿಚ್ಚಿನಲ್ಲಿ ಬೆಳಗಿನ ಆರೂವರೆಯೇ. ಗಂಟೆಯ ಮುಳ್ಳು ಅರ್ಧ ಗಂಟೆ ಹಿಂದೆ ಬಿದ್ದಿರುತ್ತದೆ, ಅದನ್ನು ಮನಸ್ಸಿನಲ್ಲಿ ತಿದ್ದಿಕೊಳ್ಳಬೇಕು, ನಿಮಿಷ ಮಾತ್ರ ಖಚಿತ. ಅಕ್ಟೋಬರಿನ ಕೊನೆಯ ಭಾನುವಾರದಿಂದ ಮಾರ್ಚಿನ ಕೊನೆಯ ಭಾನುವಾರದವರೆಗೆ ಇಂಗ್ಲೆಂಡಿಗೆ ಇದು ಸರಿಹೋಗುತ್ತದೆ. ಬೇಸಿಗೆಯಲ್ಲಿ ಅವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಆಗ ಅಂತರ ನಾಲ್ಕೂವರೆ.

ತಂಗಿಯ ಮಗಳಿಗೆ ಇದನ್ನು ಹೇಳಿದಾಗ ಅವಳು ಇನ್ನೊಂದು ಸಂಗತಿ ಹೇಳಿದಳು. ಅಲ್ಲಿನ ಆಸ್ಪತ್ರೆಗಳಲ್ಲಿ ರೋಗಿಯನ್ನು ಮುಟ್ಟುವಾಗ ಮೊಣಕೈಯಿಂದ ಕೆಳಗೆ ಏನೂ ಇರಬಾರದು, ಸೋಂಕಿನ ಭಯಕ್ಕೆ. ಕೈಗಡಿಯಾರ ಕಟ್ಟುವಂತಿಲ್ಲ. ನರ್ಸುಗಳು ಎದೆಗೆ ಪಿನ್ನು ಹಾಕಿ ತಲೆಕೆಳಗಾದ ಪುಟ್ಟ ವಾಚು ನೇತುಹಾಕಿಕೊಳ್ಳುತ್ತಾರೆ, ತಾವು ಬಗ್ಗಿ ನೋಡಿದಾಗ ಸರಿಯಾಗಿ ಕಾಣಲಿ ಎಂದು. ಹಾಗಾದರೆ ಚಳಿಗಾಲದಲ್ಲಿ ಎದುರಿಗೆ ಮಲಗಿದ ರೋಗಿಗೆ ಅದರಲ್ಲಿ ಕಾಣುವುದು ಹೊಸದುರ್ಗದ ನಿಮಿಷ! ಈ ಲೆಕ್ಕವನ್ನು ನಾವಿಬ್ಬರೂ ಫೋನಿನಲ್ಲೇ ಕಾಗದದ ಮೇಲೆ ಮುಳ್ಳು ಬರೆದು ಸರಿನೋಡಿದೆವು.

ಇನ್ನು ದುಡ್ಡಿನ ಮಾತು. ಎರಡು ಕಾಲದ ವಾಚುಗಳಲ್ಲಿ ಎರಡು ಜಾತಿ. ಒಂದರಲ್ಲಿ ಸ್ಥಳೀಯ ಗಂಟೆಯ ಮುಳ್ಳು ಹಾರುತ್ತದೆ. ಊರೂರು ತಿರುಗುವವನಿಗೆ ಅದು ಬೇಕು. ಇನ್ನೊಂದರಲ್ಲಿ 24 ಗಂಟೆಯ ಮುಳ್ಳು ಹಾರುತ್ತದೆ. ಒಂದೇ ಕಡೆ ಇದ್ದು ದೂರದ ಮನೆಗೆ ಫೋನ್ ಮಾಡುವವರಿಗೆ ಅದು ಸಾಕು, ಬೆಲೆಯೂ ಕಡಿಮೆ. ನಮ್ಮ ಹುಡುಗಿ ಎರಡನೇ ಬಗೆಯ ಬದುಕಿನವಳು.

ಬೆಲೆ ನಿಲ್ಲುವುದಾದರೆ ಬೆರಳೆಣಿಕೆಯ ಹೆಸರುಗಳಲ್ಲಿ ಮಾತ್ರ. ಸ್ಟೀಲಿನ ಜಿಎಂಟಿ-ಮಾಸ್ಟರ್ 2 ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ, ಹೊರಗಿನ ಪೇಟೆಯಲ್ಲಿ ಅಂಗಡಿ ಬೆಲೆಗಿಂತ ಹೆಚ್ಚಿಗೆ ಮಾರಾಟವಾಗುತ್ತ ಬಂದಿದೆ. ಅದು ನಿಜ. ಆದರೆ ಅಂಥ ವಾಚುಗಳ ಹೊರಪೇಟೆಯ ಬೆಲೆ 2022ರ ಆರಂಭದಲ್ಲಿ ತುದಿ ಮುಟ್ಟಿ ಆಮೇಲೆ ಇಳಿಯಿತು. ತುದಿಯಲ್ಲಿ ಕೊಂಡವರು ಕೈಸುಟ್ಟುಕೊಂಡರು. ಕಂಚನ್ ವಾಚನ್ನು ಕಾಳಸಂತೆಯಲ್ಲಿ ಕೊಂಡ ಅಪ್ಪಂದಿರಿಗೂ ಅವರಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಉಳಿದ ಬಹುಪಾಲು ದುಬಾರಿ ವಾಚುಗಳು ಅಂಗಡಿ ಬಾಗಿಲು ದಾಟಿದೊಡನೆ ಬೆಲೆಯ ಒಂದು ಪಾಲು ಕಳೆದುಕೊಳ್ಳುತ್ತವೆ. ಕೆಲವು ವರ್ಷಕ್ಕೊಮ್ಮೆ ಸರ್ವೀಸ್ ಬೇಕು. ಹಲವು ಸ್ವಿಸ್ ಕಂಪನಿಗಳು ಹೊರಗಿನ ರಿಪೇರಿಯವರಿಗೆ ಬಿಡಿಭಾಗ ಕೊಡುವುದಿಲ್ಲ, ಅವರ ಬಳಿಯೇ ಹೋಗಬೇಕು, ಅವರು ಹೇಳಿದ್ದೇ ರೇಟು. ಇಷ್ಟೆಲ್ಲ ಗೊತ್ತಿದ್ದೂ ಕೊಳ್ಳುವುದಾದರೆ ಪೆಟ್ಟಿಗೆ, ವಾರಂಟಿ ಕಾರ್ಡು, ಪ್ರತಿ ಸರ್ವೀಸಿನ ಚೀಟಿ ಜೋಪಾನವಾಗಿ ಇಟ್ಟುಕೊಳ್ಳಬೇಕು. ಮೈಗೆ ಪಾಲಿಶ್ ಹೊಡೆಸಬಾರದು. ಹೊಳೆಯಲಿ ಎಂದು ಉಜ್ಜಿದರೆ ಅಂಚುಗಳು ಸವೆದು ಹೋಗುತ್ತವೆ, ಬಲ್ಲವನು ಮೊದಲು ನೋಡುವುದೇ ಅಂಚನ್ನು.

ನಮ್ಮ ಜನತಾ, ಪೈಲಟ್‌ಗಳ ಬೆಲೆಯೂ ಏರಿತು. 2014ರಲ್ಲಿ ಕಂಪನಿ ಮುಚ್ಚುತ್ತದೆಂಬ ಸುದ್ದಿ ಬಂದಾಗ ಜನ ಮುಗಿಬಿದ್ದರು. ಅಲ್ಲಿಯವರೆಗೆ ಟ್ರಂಕಿನ ತಳದಲ್ಲಿದ್ದ ಅಜ್ಜಂದಿರ ವಾಚುಗಳು ಹಿರಿಯೂರಿನಿಂದ, ಹೊಳಲ್ಕೆರೆಯ ಹಳ್ಳಿಗಳಿಂದ ನನ್ನ ಮೇಜಿಗೆ ಬಂದವು. ಅದರ ಬೆನ್ನಿಗೇ ಮೋಸವೂ ಬಂತು. ಹಳೆಯ ಡಯಲ್ ಕೆರೆದು ಹಸಿರು, ಕೆಂಪು, ಕೇಸರಿ ಬಣ್ಣ ಬಳಿದು, ಮೇಲೆ ಪೈಲಟ್ ಎಂದು ಅಚ್ಚು ಹಾಕಿ ಮಾರುವುದು. ಸಂಗ್ರಹ ಮಾಡುವವರು ಅದನ್ನು ಮುಂಬೈ ಸ್ಪೆಷಲ್ ಎನ್ನುತ್ತಾರೆ. ಗುರುತಿಸುವುದು ಕಷ್ಟವಲ್ಲ: ಅಕ್ಷರದ ಅಂಚು ಒಡೆದಿರುತ್ತದೆ, ನಿಮಿಷದ ಗೆರೆಗಳು ಮುಳ್ಳಿನ ತುದಿಗೆ ಸರಿಯಾಗಿ ಕೂಡುವುದಿಲ್ಲ, ಹಿಂಬದಿ ಮುಚ್ಚಳಕ್ಕೂ ಡಯಲ್ಲಿಗೂ ತಾಳೆ ಬೀಳುವುದಿಲ್ಲ. ಮಾಸಿದ ಅಸಲಿ ಡಯಲ್ ಯಾವತ್ತೂ ಹೊಳೆಯುವ ಬಣ್ಣದ ಡಯಲ್ಲಿಗಿಂತ ಮೇಲು. ಮನೆಯಲ್ಲಿ ಹಳೆಯ ಎಚ್‌ಎಂಟಿ ಇದ್ದವರಿಗೆ ನನ್ನ ಕೋರಿಕೆ ಇಷ್ಟೆ: ಸರ್ವೀಸ್ ಮಾಡಿಸಿ, ಗಾಜು ಬದಲಿಸಿ, ಡಯಲ್ ಮಾತ್ರ ಮುಟ್ಟಿಸಬೇಡಿ.

ಹುಡುಗಿ ಕೊನೆಗೆ ಆರಿಸಿದ್ದು 2022ರಲ್ಲಿ ಬಂದ ಸೀಕೋ 5 ಸರಣಿಯ ಜಿಎಂಟಿ. ಒಳಗಿನ ಯಂತ್ರ 4ಆರ್34, ಇಪ್ಪತ್ತನಾಲ್ಕು ಕಲ್ಲು, ಗಂಟೆಗೆ 21,600 ಬಡಿತ, ಪೂರ್ತಿ ಕೀ ತುಂಬಿದರೆ ನಲವತ್ತೊಂದು ಗಂಟೆ ನಡೆಯುತ್ತದೆ, 24 ಗಂಟೆಯ ಮುಳ್ಳು ಹಾರುವ ಜಾತಿ. ಲಕ್ಷುರಿ ವಾಚು ಎಂದು ಯಾರೂ ಕರೆಯುವುದಿಲ್ಲ, ಮಾರಿದರೆ ಲಾಭವೂ ಬರುವುದಿಲ್ಲ. ಲಕ್ಷಗಟ್ಟಲೆ ಬೆಲೆಯ ವಾಚಿಗೆಂದು ಕೂಡಿಟ್ಟಿದ್ದರಲ್ಲಿ ಉಳಿದದ್ದನ್ನು ಅಮ್ಮನ ಹೆಸರಿನಲ್ಲಿ ಬ್ಯಾಂಕಿಗೆ ಹಾಕಿದ್ದಾಳೆ. 24 ಗಂಟೆಯ ಮುಳ್ಳನ್ನು ಚಳಿಗಾಲಕ್ಕೆ ಐದು ಗಂಟೆ ಮುಂದೆ, ಬೇಸಿಗೆಗೆ ನಾಲ್ಕು ಗಂಟೆ ಮುಂದೆ ಇಟ್ಟು, ಅರ್ಧ ಗಂಟೆಗೆ ನಿಮಿಷದ ಮುಳ್ಳಿನ ಬಾಲ ನೋಡಿಕೊಳ್ಳಲು ಹೇಳಿಕೊಟ್ಟಿದ್ದೇನೆ. ಸರ್ವೀಸಿಗೆ ಊರಿಗೆ ಬಂದಾಗ ತರುತ್ತಾಳೆ. ಆ ಯಂತ್ರದ ಮೈನ್ ಸ್ಪ್ರಿಂಗ್, ಗ್ಯಾಸ್ಕೆಟ್ಟುಗಳಿಗೆ ಬೆಂಗಳೂರಿನಲ್ಲಿ ಈಗಲೇ ವಿಚಾರಿಸಿಟ್ಟಿದ್ದೇನೆ.